ಅರ್ಜಿಯಿಂದ ಆಸರೆಯವರೆಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕಟ್ಟಿದವನು ಸ್ವಂತದ್ದೊಂದು ತುಂಡು ನೆಲವುಳ್ಳವನೇ ಆಗಿರಬೇಕು. ಅವನ ಕಷ್ಟವೆಲ್ಲ ಕಲ್ಲು, ಗಾರೆ, ಮರ, ಮೇಸ್ತ್ರಿ ಇವುಗಳ ಕಷ್ಟ. ನೆಲವೇ ಇಲ್ಲದವನ ಮನೆ ಭೂಮಿಪೂಜೆಯಿಂದ ಆರಂಭವಾಗುವುದಿಲ್ಲ. ಒಂದು ಅರ್ಜಿಯಿಂದ ಆರಂಭವಾಗುತ್ತದೆ. ಆ ಅರ್ಜಿಯನ್ನು ಕೈನೀಡಿ ತೆಗೆದುಕೊಳ್ಳುವವರು ಶಾಸಕರಲ್ಲ, ಪುರಸಭೆಯ ಮುಖ್ಯಾಧಿಕಾರಿಯಲ್ಲ, ಎಂಜಿನಿಯರೂ ಅಲ್ಲ. ವಸತಿ ಶಾಖೆ ಎಂಬ ಹಲಗೆಯ ಕೆಳಗೆ, ಕಡತದ ಕಟ್ಟುಗಳ ನಡುವೆ ಕುಳಿತಿರುವ ಒಬ್ಬ ಗುಮಾಸ್ತ. ಈ ಗುಮಾಸ್ತನ ಕೆಲಸವನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂಬುದು ಇಂದಿನ ನನ್ನ ಉದ್ದೇಶ. ತಾಲ್ಲೂಕು ಕೇಂದ್ರವೊಂದರ ಪುರಸಭೆಯಲ್ಲಿ ಬಹಳ ವರ್ಷ ಅಂಥದೊಂದು ಮೇಜಿನ ಹಿಂದೆ ಕುಳಿತವನಾದ್ದರಿಂದ, ಆ ಕೆಲಸದ ಒಳಹೊರಗು ನನಗೆ ಸ್ವಲ್ಪ ತಿಳಿದಿದೆ ಎಂದರೆ ನೀವು ಅಹಂಕಾರವೆನ್ನಲಾರಿರಿ.

ಗುಮಾಸ್ತನ ವಿಷಯದಲ್ಲಿ ನಮ್ಮ ಜನದ ಅಭಿಪ್ರಾಯವೇನೂ ಉನ್ನತವಾದುದಲ್ಲ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂದು ನಾಡೆಲ್ಲ ಆಡಿಕೊಳ್ಳುವಾಗ ಆ ಪೂಜಾರಿ ಯಾರೆಂಬುದು ಎಲ್ಲರಿಗೂ ಗೊತ್ತು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ವಿಚಾರ ಮಾಡಿ ನೋಡಿದರೆ ಗುಮಾಸ್ತನಿಗೆ ಕೊಡುವ ಅಧಿಕಾರ ಎಳ್ಳಷ್ಟೂ ಇಲ್ಲ. ನಿವೇಶನ ಯಾರಿಗೆಂದು ತೀರ್ಮಾನಿಸುವುದು ಪಟ್ಟಣಗಳಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ಹಳ್ಳಿಗಳಲ್ಲಿ ಗ್ರಾಮಸಭೆ. ಹಣ ಬರಬೇಕಾದದ್ದು ಬೆಂಗಳೂರಿನಿಂದ, ದೆಹಲಿಯಿಂದ. ಗುಮಾಸ್ತನ ಕೈಯಲ್ಲಿ ಉಳಿದಿರುವುದು ಒಂದೇ ಒಂದು: ತಡಮಾಡುವ ಅಧಿಕಾರ. ಅದನ್ನು ಯಾವ ಕಾಯಿದೆಯೂ ಅವನಿಗೆ ಕೊಟ್ಟಿಲ್ಲ. ಪೂರ್ತಿಯಾಗಿ ಕಿತ್ತುಕೊಳ್ಳುವುದು ಯಾವ ಕಾಯಿದೆಯಿಂದಲೂ ಆಗಿಲ್ಲ. ಕಡತವನ್ನು ಕಟ್ಟಿನ ಮೇಲಿಡುವುದು, ಅಡಿಯಲ್ಲಿಡುವುದು. ‘ನಾಳೆ ಬಾ’ ಎನ್ನುವುದು, ‘ಕೂತುಕೊಳ್ಳಿ’ ಎನ್ನುವುದು. ಇಷ್ಟೇ ಅವನ ರಾಜ್ಯಭಾರ. ಆದರೆ ಬಡವನಿಗೆ ಸರ್ಕಾರದ ಮುಖ ಕಾಣುವುದು ಆ ಮೇಜಿನಲ್ಲಿಯೇ. ಅಲ್ಲಿ ಮುಖ ಸಿಂಡರಿಸಿದರೆ ಇಡೀ ಸರ್ಕಾರವೇ ತನ್ನ ಕಡೆಗೆ ಮುಖ ಸಿಂಡರಿಸಿತೆಂದು ಅವನು ತಿಳಿದರೆ ಅದರಲ್ಲಿ ತಪ್ಪೇನೂ ಇಲ್ಲ.

ನೆಲವನ್ನು ಕೊಡುವುದೂ, ಕೊಟ್ಟದ್ದನ್ನು ಬರೆದಿಡುವುದೂ ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಹಳೆಯ ದಾನಶಾಸನಗಳನ್ನು ನೆನೆಯಿರಿ. ಮೊದಲು ರಾಜನ ಬಿರುದುಬಾವಲಿಗಳು. ಅನಂತರ ಕೊಟ್ಟ ನೆಲದ ಎಲ್ಲೆ. ಮೂಡಲು ಇಂಥ ಹಳ್ಳ, ತೆಂಕಲು ಇಂಥ ಹುಣಿಸೆಯ ಮರ, ಪಡುವಲು ಇಂಥ ಕಲ್ಲು, ಬಡಗಲು ಇಂಥ ಕೆರೆಯ ಏರಿ. ಕೊನೆಯಲ್ಲಿ, ಈ ದಾನವನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪ. ಎಷ್ಟೋ ಶಾಸನಗಳಲ್ಲಿ ಅದನ್ನು ಬರೆದ ಸೇನಬೋವನ ಹೆಸರೂ ಉಂಟು. ಆ ಸೇನಬೋವನೇ ಕಾಲಾಂತರದಲ್ಲಿ ಶಾನುಭೋಗನಾದ. ವಂಶಪಾರಂಪರ್ಯವಾಗಿ ಬಂದಿದ್ದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಪಡಿಸಿತು. ಆದರೂ ಇಂದಿನ ಹಕ್ಕುಪತ್ರವೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಹಳೆಯ ಶಾಸನದ ಚಹರೆ ಕಾಣದಿರದು. ಅದೇ ನಾಲ್ಕು ದಿಕ್ಕಿನ ಎಲ್ಲೆ, ಚಕ್ಕುಬಂದಿ ಎಂಬ ಹೆಸರಿನಲ್ಲಿ. ಶಾಪದ ಜಾಗದಲ್ಲಿ ಷರತ್ತು ಬಂದಿದೆ: ಇಷ್ಟು ವರ್ಷ ಪರಭಾರೆ ಮಾಡಕೂಡದು, ಇಷ್ಟು ಕಾಲದೊಳಗೆ ಮನೆ ಕಟ್ಟಬೇಕು ಎಂದು. ಬರೆದವನ ಹೆಸರು ಮಾತ್ರ ಬಿದ್ದುಹೋಗಿದೆ.

ಇಲ್ಲದವರಿಗೆ ಮನೆ ಒದಗಿಸುವುದು ಸರ್ಕಾರದ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೆಳೆದದ್ದು ನಿಧಾನವಾಗಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಬೇಕಾಗಿ, ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೇಗಬೇಗನೆ ಬೆಳೆದವು. 1903ರಲ್ಲಿ ಮೈಸೂರಿಗೂ 1945ರಲ್ಲಿ ಬೆಂಗಳೂರಿಗೂ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡುಗಳಾದವು. ಬೆಂಗಳೂರಿನ ಬೋರ್ಡು 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರವಾಯಿತು. ಇವುಗಳಿಂದ ಹೆಚ್ಚಾಗಿ ಪ್ರಯೋಜನ ಪಡೆದವರು ನಿವೇಶನದ ಬೆಲೆಯನ್ನು ಹೇಗಾದರೂ ಹೊಂದಿಸಬಲ್ಲವರು. ನೆಲವೂ ಹಣವೂ ಎರಡೂ ಇಲ್ಲದವರ ಸರದಿ ಬಂದದ್ದು ಆಮೇಲೆ. 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಭೂಹೀನರಿಗೆ ನಿವೇಶನವೆಂಬುದು ಒಂದು ಅಂಶವಾಯಿತು. 1985ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991-92ರಲ್ಲಿ ನಮ್ಮ ರಾಜ್ಯದ ಆಶ್ರಯ ಯೋಜನೆ, 2015ರಲ್ಲಿ ಪಟ್ಟಣಗಳಿಗೂ 2016ರಲ್ಲಿ ಹಳ್ಳಿಗಳಿಗೂ ಪ್ರಧಾನಮಂತ್ರಿ ಆವಾಸ್ ಬಂದವು. ಯೋಜನೆಯ ಹೆಸರು ಬದಲಾದಾಗಲೆಲ್ಲ ಗೋಡೆಯ ಮೇಲಿನ ಹಲಗೆಗೆ ಹೊಸ ಬಣ್ಣ ಬಂತು. ಕೆಳಗಿನ ಮೇಜೂ, ಮೇಜಿನ ಮುಂದೆ ನಿಂತವರ ಸಾಲೂ ಹಾಗೆಯೇ ಉಳಿದವು.

ಆ ಮೇಜಿನ ದಿನಚರಿ ಕೇಳುವುದಕ್ಕೆ ಸ್ವಾರಸ್ಯವಾದುದೇನಲ್ಲ. ಬೆಳಿಗ್ಗೆ ಟಪಾಲು ಬರುತ್ತದೆ. ಬಂದ ಪ್ರತಿಯೊಂದು ಅರ್ಜಿಗೂ ಆವಕ ವಹಿಯಲ್ಲಿ ಒಂದು ಸಾಲು: ಕ್ರಮಸಂಖ್ಯೆ, ತಾರೀಖು, ಅರ್ಜಿದಾರರ ಹೆಸರು, ವಿಷಯ. ಅರ್ಜಿಯ ಮೇಲೆ ದಿನಾಂಕದ ಮೊಹರು. ಕೇಳಿದವರಿಗೆ, ನ್ಯಾಯವಾಗಿ ಕೇಳದವರಿಗೂ, ಒಂದು ಸ್ವೀಕೃತಿ ಚೀಟಿ. ಅನಂತರ ದಾಖಲೆಗಳ ತಾಳೆ: ಪಡಿತರ ಚೀಟಿ, ನಾಡಕಚೇರಿಯಿಂದ ತಂದ ಆದಾಯ ಮತ್ತು ಜಾತಿಯ ಪ್ರಮಾಣಪತ್ರಗಳು, ಬ್ಯಾಂಕಿನ ಪಾಸ್‌ಬುಕ್, ಈಚಿನ ವರ್ಷಗಳಲ್ಲಿ ಆಧಾರ್. ಅರ್ಜಿದಾರರು ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಸ್ಥಳಕ್ಕೆ ಹೋಗಿ ನೋಡಿದವರ ವರದಿ. ಇವೆಲ್ಲವನ್ನೂ ಕಡತಕ್ಕೆ ಸೇರಿಸಿ, ಪುಟಸಂಖ್ಯೆ ಹಾಕಿ, ಮೇಲಧಿಕಾರಿಗೆ ಟಿಪ್ಪಣಿ. ಸಮಿತಿಯ ಸಭೆಗೆ ಪಟ್ಟಿ. ಸಭೆ ಮುಗಿದ ಮೇಲೆ ನಡಾವಳಿ. ಆಯ್ಕೆಯಾದವರಿಗೆ ನಿವೇಶನದ ಸಂಖ್ಯೆ. ಅದು ಸಾಮಾನ್ಯವಾಗಿ ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ನೆಲ, 600 ಚದರಡಿ. ಕೊನೆಗೆ ಹಕ್ಕುಪತ್ರ. ಈ ಸರಪಳಿಯ ಒಂದೊಂದು ಕೊಂಡಿಯೂ ಬರಹದ ಕೊಂಡಿ. ನಡುವೆ ಒಂದು ಕಳಚಿದರೆ ಅದರ ತುದಿಯಲ್ಲಿರುವ ಮನೆ ಕೈಗೆ ಸಿಕ್ಕುವುದಿಲ್ಲ.

ಇವುಗಳಲ್ಲಿ ಯಾವುದು ಕಷ್ಟವೆಂದು ನೀವು ಕೇಳಿದರೆ, ಹೆಸರು ಬರೆಯುವುದು ಎಂದು ಹೇಳುತ್ತೇನೆ. ನಗಬೇಡಿ. ಒಂದೇ ಬೀದಿಯಲ್ಲಿ ಮೂವರು ಲಕ್ಷ್ಮಮ್ಮಂದಿರು ಇರುವುದುಂಟು. ಹಾಗೆಯೇ ಒಬ್ಬಳೇ ಲಕ್ಷ್ಮಮ್ಮ ಮತದಾರರ ಪಟ್ಟಿಯಲ್ಲಿ ಲಕ್ಷ್ಮೀದೇವಿಯಾಗಿ, ಪಡಿತರ ಚೀಟಿಯಲ್ಲಿ ಲಕ್ಷ್ಮೀದೇವಮ್ಮನಾಗಿ, ಇಂಗ್ಲಿಷಿಗೆ ಹೋಗಿ ಮರಳಿ ಕನ್ನಡಕ್ಕೆ ಬರುವಾಗ ಬ್ಯಾಂಕಿನಲ್ಲಿ ಮತ್ತೇನೋ ಆಗಿ ಕುಳಿತಿರುವುದೂ ಉಂಟು. ಯಾವ ಹೆಸರಿನಿಂದ ಕೂಗಿದರೂ ಓಗೊಡುವವಳು ಅವಳೊಬ್ಬಳೇ. ಆದರೆ ಕಾಗದಕ್ಕೆ ಕಿವಿಯಿಲ್ಲ. ಅದು ಅಕ್ಷರವನ್ನಷ್ಟೇ ನೋಡುತ್ತದೆ. ಒಂದು ‘ದೇವಿ’ ಹೆಚ್ಚಾದರೆ ಕಂತಿನ ಹಣ ಖಾತೆಗೆ ಹೋಗದೆ ಹಿಂದಿರುಗುತ್ತದೆ. ಅರ್ಜಿ ತೆಗೆದುಕೊಳ್ಳುವ ದಿನವೇ ನಾಲ್ಕು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ‘ಅಮ್ಮಾ, ಇಲ್ಲಿ ಹೀಗಿದೆ, ಅಲ್ಲಿ ಹಾಗಿದೆ, ಇದನ್ನು ಮೊದಲು ಸರಿಮಾಡಿಸಿಕೊಂಡು ಬನ್ನಿ’ ಎಂದು ಹೇಳುವುದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಉಳಿಸಿಕೊಂಡರೆ ಆಕೆಯ ಎರಡು ವರ್ಷ ಹೋಗುತ್ತದೆ.

ನಮ್ಮ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ಬರೆದು ತಂದೆಯ ಹೆಸರನ್ನೂ, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಗಂಡನ ಹೆಸರನ್ನೂ ಸೇರಿಸುವುದು ಹಿಂದಿನಿಂದ ಬಂದ ರೂಢಿ. ಇಂದಿರಾ ಆವಾಸ್ ಕಾಲದಿಂದಲೂ ಮನೆ ಹೆಂಗಸಿನ ಹೆಸರಿನಲ್ಲಿರಲಿ, ಇಲ್ಲವೇ ಗಂಡಹೆಂಡಿರಿಬ್ಬರ ಹೆಸರಿನಲ್ಲಿರಲಿ ಎಂಬುದು ಯೋಜನೆಗಳ ಆಶಯ. ಆಶಯ ಒಳ್ಳೆಯದೇ. ಆದರೆ ಗಂಡ ಬಿಟ್ಟುಹೋದ ಹೆಂಗಸು ಬಂದು ನಿಂತಾಗ ‘ಕೋಂ’ ಎಂಬ ಆ ಒಂದಕ್ಷರದ ಮುಂದೆ ಏನು ಬರೆಯಬೇಕು? ಮದುವೆಗೆ ಕಾಗದವಿಲ್ಲ, ಬಿಟ್ಟುಹೋದದ್ದಕ್ಕೂ ಕಾಗದವಿಲ್ಲ. ಪಡಿತರ ಚೀಟಿಯಲ್ಲಿ ಇನ್ನೂ ಅತ್ತೆಯ ಮನೆಯ ಸದಸ್ಯೆ. ಈ ಪ್ರಶ್ನೆಗೆ ಉತ್ತರ ಸುತ್ತೋಲೆಯಲ್ಲಿ ಹುಡುಕಿದರೆ ಸಿಕ್ಕುತ್ತದೆ; ಹುಡುಕುವ ಮನಸ್ಸಿರಬೇಕು. ಹುಡುಕದೆ ‘ಗಂಡನನ್ನು ಕರೆದುಕೊಂಡು ಬಾ’ ಎಂದು ಹೇಳಿ ಕಳುಹಿಸುವವರೂ ಇದ್ದಾರೆ. ಕರೆದರೆ ಬರುವ ಗಂಡನಾಗಿದ್ದರೆ ಆಕೆ ಆ ಮೇಜಿನವರೆಗೆ ಏಕೆ ಬರುತ್ತಿದ್ದಳು?

ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಅರುವತ್ತರ ಹತ್ತಿರದ ಹೆಂಗಸು, ಹೂ ಕಟ್ಟಿ ಮಾರುವ ಕಸಬು. ಎಲೆಅಡಿಕೆ ಚೀಲದೊಳಗಿಂದ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿಯನ್ನು ತೆಗೆದು ನನ್ನ ಮುಂದಿಟ್ಟರು. ಒಂಬತ್ತು ವರ್ಷದ ಹಿಂದೆ ಕೊಟ್ಟ ಅರ್ಜಿಯ ಸ್ವೀಕೃತಿ. ಆ ನಡುವೆ ಕಚೇರಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಂದಿತ್ತು. ಒಂದು ಮಳೆಗಾಲದಲ್ಲಿ ಕೆಲವು ಕಟ್ಟುಗಳು ನೆನೆದು ಹಾಳಾಗಿದ್ದವು. ಹುಡುಕಿದರೆ ಅರ್ಜಿ ಸಿಕ್ಕಲಿಲ್ಲ. ಹೊಸ ಅರ್ಜಿ ಹಾಕಿದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಆ ವರ್ಷದ ಆವಕ ವಹಿ ಮಾತ್ರ ಬೇರೊಂದು ಬೀರುವಿನಲ್ಲಿ ಉಳಿದಿತ್ತು. ನಾನು ಕಂಡೇ ಇರದ, ಆ ಹೊತ್ತಿಗೆ ತೀರಿಹೋಗಿದ್ದ ಗುಮಾಸ್ತರೊಬ್ಬರ ಬರವಣಿಗೆ. ಮುತ್ತಿನಂಥ ಅಕ್ಷರವೆನ್ನಲಾರೆ, ಆದರೆ ಒಂದಕ್ಷರವೂ ಅನುಮಾನಕ್ಕೆ ಎಡೆಗೊಡದಂಥದು. ಚೀಟಿಯ ಸಂಖ್ಯೆ, ವಹಿಯ ಸಂಖ್ಯೆ, ತಾರೀಖು, ಹೆಸರು ನಾಲ್ಕೂ ಹೊಂದಿದವು. ಅದನ್ನು ಆಧಾರವಾಗಿಟ್ಟುಕೊಂಡು ಕಡತವನ್ನು ಮತ್ತೆ ಕಟ್ಟಿ, ಅರ್ಜಿ ಇಂಥ ದಿನವೇ ಬಂದದ್ದು ಎಂದು ಟಿಪ್ಪಣಿ ಬರೆದು ಮೇಲೆ ಕಳುಹಿಸಿದೆ. ಹಳೆಯ ತಾರೀಖನ್ನೇ ಸಮಿತಿ ಹಿಡಿಯಿತು. ಆಮೇಲೂ ಒಂದೂವರೆ ವರ್ಷ ಹಿಡಿಯಿತೆನ್ನಿ.

ಹಕ್ಕುಪತ್ರ ಕೈಗೆ ಬಂದ ದಿನ ಅದರಲ್ಲಿ ಏನು ಬರೆದಿದೆಯೋ ಓದಿ ಹೇಳಬೇಕೆಂದು ಆಕೆ ಕೇಳಿದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ನಂಬರಿನ ನಿವೇಶನ, ಉತ್ತರಕ್ಕೆ ಇಂಥ ನಂಬರು, ದಕ್ಷಿಣಕ್ಕೆ ಇಂಥ ನಂಬರು ಎಂದು ಓದಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಂಬ್ರ ಇರ್ಲಿ ಸ್ವಾಮಿ, ಪಕ್ಕದಾಗೆ ಯಾರ್ ಬತ್ತಾರೆ?’ ಎಂದರು. ಚಕ್ಕುಬಂದಿಯಲ್ಲಿ ನೆರೆಯವರ ಹೆಸರಿರುವುದಿಲ್ಲ. ಪಟ್ಟಿಯನ್ನು ತೆಗೆದು, ಆ ನಂಬರುಗಳ ಮುಂದಿದ್ದ ಹೆಸರುಗಳನ್ನು ಓದಿ ಹೇಳಿದೆ. ಒಬ್ಬರು ಆಕೆಗೆ ಗೊತ್ತಿದ್ದವರೇ. ‘ಹಂಗಾದ್ರೆ ಸರಿ’ ಎಂದು ಕಾಗದವನ್ನು ಮಡಿಸಿ ಅದೇ ಚೀಲದಲ್ಲಿಟ್ಟುಕೊಂಡರು. ಮನೆಯೆಂದರೆ ಏನು ಎಂಬುದನ್ನು ನಮ್ಮ ಯಾವ ನಮೂನೆಗಿಂತಲೂ ಆ ಪ್ರಶ್ನೆ ಚೆನ್ನಾಗಿ ಹೇಳಿತು.

ಇನ್ನು ಭಾಷೆಯ ವಿಷಯ. ಸಾಹಿತ್ಯಾಸಕ್ತರಾದ ನಿಮಗೆ ಇದು ರುಚಿಸಬಹುದು. ಕಚೇರಿಯ ಕನ್ನಡದಲ್ಲಿ ಕರ್ತೃಪದಕ್ಕೆ ನಿಷೇಧವಿದೆಯೋ ಎಂಬಂತೆ ತೋರುತ್ತದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಮನವಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅಗತ್ಯ ಕ್ರಮ ಕೈಗೊಳ್ಳಲಾಗುವುದು.’ ಪರಿಶೀಲಿಸಿದವರು ಯಾರು? ಕ್ರಮ ಕೈಗೊಳ್ಳುವವರು ಯಾರು? ಯಾವಾಗ? ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗಕ್ಕೆ ಒಂದು ಸ್ಥಾನವಿದೆ. ಆದರೆ ಜವಾಬ್ದಾರಿಯನ್ನು ಬಚ್ಚಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಮರೆ ಬೇರೊಂದಿಲ್ಲ. ರಾಜ್ಯಭಾಷಾ ಕಾಯಿದೆ 1963ರಲ್ಲಿ ಬಂತು. ಇಂಗ್ಲಿಷಿನ ಜಾಗಕ್ಕೆ ಕನ್ನಡ ಬಂತು, ಸಂತೋಷ. ಆದರೆ ಅರ್ಜಿದಾರನಿಗೆ ಅರ್ಥವಾಗದ ಕನ್ನಡ ಅವನಿಗೆ ಇನ್ನೊಂದು ಇಂಗ್ಲಿಷೇ ಆಗುತ್ತದೆ. ‘ನಿಮ್ಮ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಹೊಸದನ್ನು ತಂದುಕೊಡಿ. ಅರ್ಜಿಯನ್ನು ಮುಂದಿನ ಸಭೆಗೆ ಇಡುತ್ತೇವೆ’ ಎಂದು ಬರೆಯುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಮೂರು ಚಿಕ್ಕ ವಾಕ್ಯ. ಒಬ್ಬನ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಉಳಿಯುತ್ತದೆ.

ದಿನದ ಕೂಲಿ ಎಂದೆ. ಹಣದ ಲೆಕ್ಕವನ್ನು ಇನ್ನೂ ಸ್ವಲ್ಪ ನೋಡೋಣ. ಮನೆ ಕಟ್ಟಲು ಸರ್ಕಾರ ಕೊಡುವ ನೆರವು ಒಮ್ಮೆಗೇ ಬರುವುದಿಲ್ಲ. ತಳಪಾಯವಾದ ಮೇಲೆ, ಲಿಂಟಲ್ ಆದ ಮೇಲೆ, ಛಾವಣಿಯಾದ ಮೇಲೆ, ಕೆಲಸ ಮುಗಿದ ಮೇಲೆ ಹೀಗೆ ಹಂತಹಂತವಾಗಿ ಬರುತ್ತದೆ. ಹಣ ಪೋಲಾಗದಿರಲಿ ಎಂಬ ಈ ಏರ್ಪಾಡು ಸರಿಯಾದುದೇ. ಆದರೆ ಇದರ ಅರ್ಥವೇನೆಂದರೆ, ಮೊದಲ ಕಂತು ಬರುವುದಕ್ಕೆ ಮುಂಚೆ ತಳಪಾಯವನ್ನು ಬಡವನೇ ಹಾಕಿರಬೇಕು. ಕೈಯಲ್ಲಿ ಕಾಸಿಲ್ಲದವನು ಸಾಲ ತಂದೇ ಹಾಕುತ್ತಾನೆ. ಒಂದೊಂದು ಹಂತ ಮುಗಿದಾಗಲೂ ಸ್ಥಳದಲ್ಲಿ ನಿಂತು ಫೋಟೋ ತೆಗೆದು, ಅದನ್ನು ಕಂಪ್ಯೂಟರಿಗೆ ಏರಿಸಬೇಕು. ಅದನ್ನು ಮಾಡಬೇಕಾದವರು ಇಂದು ಆಗಲಿಲ್ಲ, ಮುಂದಿನ ವಾರ ನೋಡೋಣ ಎಂದರೆ, ಆ ವಾರದ ಬಡ್ಡಿಯನ್ನು ತೆರುವವನು ಮನೆಯವನು. ಗೋಡೆ ಅರ್ಧಕ್ಕೆ ನಿಂತು ಮಳೆಯಲ್ಲಿ ನೆನೆಯುತ್ತಿರುವ ಮನೆಗಳನ್ನು ನೀವೂ ಊರಂಚಿನಲ್ಲಿ ಕಂಡಿರಬಹುದು. ಕಟ್ಟುವವನ ಸೋಮಾರಿತನವೆಂದು ದಾರಿಹೋಕರು ಹೇಳಿಬಿಡುತ್ತಾರೆ. ಅವುಗಳಲ್ಲಿ ಕೆಲವು ನಿಂತಿರುವುದು ಸಿಮೆಂಟು ಮುಗಿದು. ಕೆಲವು ಯಾವುದೋ ಮೇಜಿನ ಮೇಲೆ ಒಂದು ನಮೂದು ಬಾಕಿಯಾಗಿ.

ಈಗ ಕಂಪ್ಯೂಟರು ಬಂದಿದೆ, ಇನ್ನು ಗುಮಾಸ್ತನ ಕಾಟವಿಲ್ಲ ಎನ್ನುವವರಿದ್ದಾರೆ. ಕಂಪ್ಯೂಟರಿನಿಂದ ಉಪಕಾರವಾಗಿಲ್ಲವೆಂದರೆ ಸುಳ್ಳಾದೀತು. ಹಣ ನೇರವಾಗಿ ಖಾತೆಗೆ ಹೋಗುತ್ತದೆ; ನಡುವೆ ಕೈ ಬದಲಾಗುವುದು ತಪ್ಪಿದೆ. 2005ರ ಮಾಹಿತಿ ಹಕ್ಕು ಕಾಯಿದೆ ಬಂದ ಮೇಲೆ ‘ನನ್ನ ಅರ್ಜಿ ಏನಾಯಿತು’ ಎಂದು ಕೇಳುವುದು ಉಪಕಾರ ಬೇಡುವ ಮಾತಾಗಿ ಉಳಿಯಲಿಲ್ಲ. 2011ರ ಸಕಾಲ ಕಾಯಿದೆ, ತನ್ನ ವ್ಯಾಪ್ತಿಗೆ ಬಂದ ಸೇವೆಗಳಿಗೆ ಇಷ್ಟು ದಿನವೆಂದು ಗಡುವು ಹಾಕಿತು. ತಡಮಾಡುವ ಅಧಿಕಾರವೆಂದು ಆಗಲೇ ಹೇಳಿದೆನಲ್ಲ, ಅದರ ಬೇರಿಗೆ ಬಿದ್ದ ಕೊಡಲಿಯೇಟುಗಳಿವು. ಆದರೆ ಯಂತ್ರಕ್ಕೂ ತನ್ನದೇ ಹಟವುಂಟು. ಕಲ್ಲು ಹೊತ್ತು, ಗಾರೆ ಕಲಸಿ ಸವೆದ ಬೆರಳಿನ ಗುರುತು ಅದಕ್ಕೆ ಹತ್ತುವುದಿಲ್ಲ. ಊರಿನ ಅರ್ಧ ಮನೆಗಳನ್ನು ಕಟ್ಟಿದ ಕೈಯನ್ನು, ಅದರ ಸ್ವಂತ ಮನೆಯ ಅರ್ಜಿಯಲ್ಲಿ ಯಂತ್ರ ಗುರುತಿಸುವುದಿಲ್ಲ! ಆಗ ಬೇಕಾಗುವುದು ಆ ಕೈಯನ್ನು ಗುರುತಿಸಿ, ಬೇರೆ ದಾರಿ ಯಾವುದೆಂದು ಹುಡುಕುವ ಮನುಷ್ಯನೇ. ಆ ಮನುಷ್ಯ ಈಗ ಅನೇಕ ಕಡೆ ಹೊರಗುತ್ತಿಗೆಯ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ಮುಂದಿನ ವರ್ಷ ತಮ್ಮ ಕೆಲಸವೇ ಇರುತ್ತದೆಯೋ ಇಲ್ಲವೋ ತಿಳಿಯದವರು, ಪರರ ಮನೆಯ ವಿವರಗಳನ್ನು ಒಂದೊಂದಾಗಿ ಟೈಪು ಮಾಡುತ್ತಾ ಕುಳಿತಿರುತ್ತಾರೆ. ಅವರ ಮೇಲೆ ರೇಗುವ ಮುನ್ನ ಇದನ್ನು ನೆನೆದರೆ ಒಳ್ಳೆಯದು.

ಕಟುವಾದ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಪ್ರಾಮಾಣಿಕನಾದ ಗುಮಾಸ್ತನೂ ಎಲ್ಲರಿಗೂ ಮನೆ ಕೊಡಿಸಲಾರ. ನಿವೇಶನಗಳು ಕಡಿಮೆ, ಅರ್ಜಿಗಳು ಹೆಚ್ಚು. ಪಟ್ಟಣದ ಸುತ್ತಿನ ನೆಲದ ಬೆಲೆ ಏರುತ್ತಿರುವಾಗ ಪುರಸಭೆಗೆ ಬಡಾವಣೆಗೆಂದು ಜಾಗ ಸಿಕ್ಕುವುದೇ ಕಷ್ಟ. ಸಿಕ್ಕಿದರೆ ಅದು ನೀರು ದೀಪ ತಲುಪದ ದೂರದಲ್ಲಿರುತ್ತದೆ. ಆದ್ದರಿಂದ ಆ ಮೇಜಿನಲ್ಲಿ ‘ಆಯಿತು’ ಎಂಬ ಮಾತಿಗಿಂತ ‘ಇಲ್ಲ’ ಎಂಬ ಮಾತನ್ನೇ ಹೆಚ್ಚು ಸಲ ಹೇಳಬೇಕಾಗುತ್ತದೆ. ಸುಳ್ಳು ಆಸೆ ಹೇಳಿ ಕಳುಹಿಸುವುದು ಸುಲಭ. ಕೇಳಿದವರು ಕೈಮುಗಿದು ಹೋಗುತ್ತಾರೆ, ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಈ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಕಾರಣ ಇದು, ಮುಂದಿನ ಪಟ್ಟಿಗೆ ಇಂಥ ಕಾಗದ ಬೇಕು ಎಂದು ಮುಖ ನೋಡಿ ಹೇಳುವುದು ಕಷ್ಟ. ಕೇಳಿದವರು ಬೈಯಬಹುದು, ಕೆಲವರು ಅತ್ತುಬಿಡುವುದೂ ಉಂಟು. ಆದರೂ ಕಾರಣದೊಡನೆ ಹೇಳಿದ ‘ಇಲ್ಲ’ಕ್ಕೆ ಒಂದು ಗೌರವವಿದೆ. ಅದನ್ನು ಕೇಳಿದವರು ಬೇರೆ ದಾರಿ ನೋಡಿಕೊಳ್ಳಬಹುದು, ಮೇಲ್ಮನವಿ ಹಾಕಬಹುದು, ಕಡೆಗೆ ಕಾಯುವುದನ್ನಾದರೂ ತಿಳಿದು ಕಾಯಬಹುದು.

ಪ್ರತಿ ವರ್ಷ ನೂರಾರು ಯುವಕ ಯುವತಿಯರು ಪರೀಕ್ಷೆ ಬರೆದು ಸಹಾಯಕರಾಗಿ ಇಂಥ ಕಚೇರಿಗಳಿಗೆ ಸೇರುತ್ತಾರೆ. ಕೆಲವರಿಗೆ ಅದು ಮೇಲಿನ ಹುದ್ದೆಗೆ ಏರುವ ಮೊದಲ ಮೆಟ್ಟಲು. ಏರಲಿ. ಅಲ್ಲಿರುವಷ್ಟು ದಿನ ಅವರು ಮಾಡಬಹುದಾದ ದೊಡ್ಡ ಕೆಲಸ ಯಾವುದೆಂದರೆ, ತಾವು ವರ್ಗವಾಗಿ ಹೋದ ಹತ್ತು ವರ್ಷದ ಮೇಲೆ ಅಪರಿಚಿತನೊಬ್ಬ ಬಂದು ವಹಿಯನ್ನು ತೆರೆದಾಗ, ಅವನಿಗೆ ಸಂದೇಹ ಬಾರದ ಹಾಗೆ ಒಂದು ಸಾಲನ್ನು ಬರೆದಿಡುವುದು. ಕಂಪ್ಯೂಟರಾದರೆ ಹಾಗೆ ನಮೂದಿಸುವುದು. ಅದಕ್ಕೆ ಪದಕವಿಲ್ಲ, ಅಭಿನಂದನಾ ಸಭೆಯಿಲ್ಲ.

ಕ್ಯೂವಿನಲ್ಲಿ ನಿಲ್ಲಬೇಕಾದವರಿಗೂ ಒಂದು ಮಾತು. ಅರ್ಜಿ ಕೊಟ್ಟು ಬರಿಗೈಯಲ್ಲಿ ಹಿಂದಿರುಗಬೇಡಿ. ಸ್ವೀಕೃತಿಯನ್ನು ಕೇಳಿ ಪಡೆಯಿರಿ. ನಿಮ್ಮ ಮನೆಯ ಕೆಲಸದವರು, ಹೂವಿನವರು, ಗಾರೆಯವರು ಅರ್ಜಿ ಹಾಕುವುದಿದ್ದರೆ ಅವರಿಗೂ ಹೇಳಿ. ಅದರಲ್ಲಿ ತಾರೀಖಿದೆಯೇ, ಸಂಖ್ಯೆಯಿದೆಯೇ, ಹೆಸರು ಸರಿಯಾಗಿದೆಯೇ ಎಂದು ಓದಿ ಹೇಳುವುದು ಅಕ್ಷರ ಬಲ್ಲ ನೆರೆಯವರೆಲ್ಲ ಮಾಡಬಹುದಾದ ಸಹಾಯ. ಆ ಚೀಟಿಯನ್ನು ನೆನೆಯದ ಜಾಗದಲ್ಲಿ ಇಡಲು ಹೇಳಿ.